ಕಾರು ಒಳಗೆ ಹೋಗದ ಕೊಟ್ಟಿಗೆ

ನಮ್ಮ ಕಡೆ ಗ್ಯಾರೇಜು ಅಂದರೆ ಕಾರು ನಿಲ್ಲಿಸುವ ಜಾಗವಲ್ಲ, ಕಾರು ಬಿಚ್ಚುವ ಜಾಗ. ಈ ಸಣ್ಣ ಸಂಗತಿ ಮರೆತು 2013ರ ಫೆಬ್ರವರಿಯಲ್ಲಿ ನಾನು ಅವರ್ಸಾದ ಚಾ ಅಂಗಡಿಯೊಂದರಲ್ಲಿ ಕೂತು, "ಮನೆ ಹಿಂದೆ ಒಂದು ಗ್ಯಾರೇಜ್ ಕಟ್ಟೂದದೆ" ಅಂದುಬಿಟ್ಟೆ. ಮರುದಿನ ಸಂಜೆ ಕೇರಿಯ ಒಬ್ಬರು ಮನೆಗೇ ಬಂದರು. ತಮ್ಮ ಅಳಿಯ ಅಂಕೋಲೆಯಲ್ಲಿ ಬೈಕ್ ರಿಪೇರಿ ಕಲಿತವ, ಅವನಿಗೊಂದು ಕೆಲಸ ಆದೀತೇ ಅಂತ ಕೇಳಿದರು. ಇನ್ನೊಬ್ಬರು, ಹೆದ್ದಾರಿ ಬದಿಗೆ ಹಾಕಿದರೆ ಗಿರಾಕಿ ಬಂದಾರು, ಹಿತ್ತಲಲ್ಲಿ ಹಾಕಿದರೆ ಯಾರು ಹುಡುಕಿಕೊಂಡು ಬರ್ತಾರೆ ಎಂದು ಬುದ್ಧಿ ಹೇಳಿದರು. ಮೂರನೇ ದಿನ ಅಪ್ಪನೇ ಕೇಳಿದ: "ಬ್ಯಾಂಕಿನ ಕೆಲಸ ಬಿಡ್ತೀಯೇನೋ ತಮಾ?"

ಹೆಸರಿನ ರಗಳೆ ಅಲ್ಲಿಗೂ ಮುಗಿಯಲಿಲ್ಲ. "ಕೊಟ್ಟಿಗೆ ಅನ್ನು, ಸಾಕು" ಎಂದು ಅಪ್ಪ. ದನವೇ ಇಲ್ಲದ ಮೇಲೆ ಎಂತಾ ಕೊಟ್ಟಿಗೆ ಎಂದು ಅಮ್ಮ. ಕೊನೆಯ ಆಕಳನ್ನು ಕೊಟ್ಟು ಆಗಲೇ ಆರು ವರ್ಷವಾಗಿತ್ತು. ಗವಂಡಿ ಮೊದಲಿನಿಂದ ಕೊನೆಯವರೆಗೂ ಅದನ್ನು ಶೆಡ್ಡು ಎಂದೇ ಕರೆದ, ಅವನ ಲೆಕ್ಕದ ಚೀಟಿಯಲ್ಲೂ ಹಾಗೇ ಇದೆ. ಕಾರವಾರದ ನನ್ನ ಸಹೋದ್ಯೋಗಿ ಕೊಂಕಣಿಯಲ್ಲಿ ಗೋಠೊ ಅಂದು ನಕ್ಕ. ಎಷ್ಟೋ ವರ್ಷದ ಮೇಲೆ ನಿಘಂಟು ತೆಗೆದು ನೋಡಿದರೆ, ಗ್ಯಾರೇಜು ಫ್ರೆಂಚರ ಮಾತು. ಆಸರೆಗೆ ಸರಿಸಿಡು ಎಂಬ ಅರ್ಥದ ಬೇರಿನದು, ಕಾರು ಹುಟ್ಟುವ ಮೊದಲು ದೋಣಿ ಹಡಗನ್ನು ಬದಿಗೆ ತಂದು ನಿಲ್ಲಿಸುವುದಕ್ಕೂ ಹೇಳುತ್ತಿದ್ದ ಮಾತು. ಹಾಗಾದರೆ ಕೇಣಿಯಲ್ಲಿ, ಬೇಲೆಕೇರಿಯಲ್ಲಿ ಜೂನ್ ಬಂತೆಂದರೆ ದೋಣಿಯನ್ನು ಉಸುಕಿನ ಮೇಲಕ್ಕೆ ಎಳೆದು ಮಡಲಿನ ತಟ್ಟಿ ಹೊದಿಸುತ್ತಾರಲ್ಲ, ಅದೇ ಅಸಲು ಗ್ಯಾರೇಜು. ನಮ್ಮದಕ್ಕೆ ಆ ಹೆಸರು ಒಪ್ಪುವುದಿಲ್ಲ. ಅದರೊಳಗೆ ಕಾರು ಇವತ್ತಿನವರೆಗೂ ಹೋಗಿಲ್ಲ.

ಕಾರಿಗಾಗಿಯೇ ಶುರುವಾದದ್ದು ಮಾತ್ರ ಹೌದು. ಕಾರವಾರಕ್ಕೆ ಬಸ್ಸಿನಲ್ಲಿ ಹೋಗಿಬಂದು ಸಾಕಾಗಿ ಹಳೇ ಮಾರುತಿ 800 ಒಂದನ್ನು ಕೊಂಡಿದ್ದೆ. ಎರಡು ಮಳೆಗಾಲ ಕಳೆಯುವುದರೊಳಗೆ ಅದರ ಹೊಟ್ಟೆಯ ತಗಡು ಹಪ್ಪಳದಂತೆ ಪದರು ಬಿಡತೊಡಗಿತು. ನಮ್ಮ ಮನೆ ಹೆದ್ದಾರಿಯ ಮೂಡಣ ಬದಿಗೆ, ಸಮುದ್ರ ಕಾಣುವುದಿಲ್ಲ. ರಾತ್ರಿ ಲಾರಿಗಳ ನಡುವೆ ಬಿಡುವು ಸಿಕ್ಕಾಗ ಕೇಳುತ್ತದೆ ಅಷ್ಟೆ. ಆದರೆ ಅದರ ಉಪ್ಪು ಕೇಳದೆ ಕಾಣದೆ ಬರುತ್ತದೆ. 1930ರಲ್ಲಿ ಒಂದು ಹಿಡಿ ಉಪ್ಪಿಗಾಗಿ ಅಂಕೋಲೆಯ ಜನ ಪೊಲೀಸರ ಪೆಟ್ಟು ತಿಂದರು, ಜೈಲಿಗೆ ಹೋದರು. ಅದೇ ತಾಲೂಕಿನಲ್ಲಿ ಈಗ ಬೇಡ ಬೇಡವೆಂದರೂ ಉಪ್ಪು ಪುಕ್ಕಟೆ ಬಂದು ಕಿಟಕಿಯ ಚಿಲಕಕ್ಕೆ, ಗ್ಯಾಸಿನ ಒಲೆಗೆ, ಸೈಕಲ್ಲಿನ ಕಡ್ಡಿಗೆ ಹತ್ತಿ ಕೂರುತ್ತದೆ. ಮೆಕ್ಯಾನಿಕ್ಕು ಕಾರಿನಡಿ ಮಲಗಿ ಎದ್ದು ಬಂದು, "ಇದಕ್ಕೆ ಮಾಡು ಬೇಕು ಸಾಹೇಬ್ರೆ, ಔಷಧ ಅಲ್ಲ" ಅಂದ.

ಎರಡನೇ ಕಾರಣ ಮನೆಯ ಹಿಂಗೋಡೆಗೆ ಒರಗಿತ್ತು. ಹಂಚಿನ ಒಟ್ಟಲು, ಅದರ ಪಕ್ಕ ನಾಲ್ಕು ಕಲ್ಲಿನ ಮೇಲೆ ಪೇರಿಸಿದ ಮರ. ಹದಿನಾಲ್ಕು ವರ್ಷದಿಂದ ಪ್ರತಿ ಮೇ ತಿಂಗಳ ಕೊನೆಗೆ ಅಪ್ಪ ಅದಕ್ಕೆ ತಾಡಪತ್ರಿ ಹೊದಿಸುವುದು, ದೀಪಾವಳಿಯ ಹೊತ್ತಿಗೆ ತೆಗೆದು ಬಿಸಿಲು ಕಾಣಿಸುವುದು. ಅವೆಲ್ಲ ಹಳೇ ಮನೆಯವು.

ಹಳೇ ಮನೆ ಇದ್ದದ್ದು ಅರಗಾದ ಕಡೆ. ಕಾರವಾರ ಮತ್ತು ಅಂಕೋಲೆಯ ನಡುವಿನ ಆ ಕರಾವಳಿಯಲ್ಲಿ ನೌಕಾನೆಲೆಯಾಗುವುದೆಂದು 1986ರಲ್ಲಿ ರಾಜೀವ ಗಾಂಧಿ ಅಡಿಗಲ್ಲು ಹಾಕಿಹೋದರು. ನಾನಾಗ ಮೂರನೇ ಇಯತ್ತೆ. ಅಡಿಗಲ್ಲಾದ ಮೇಲೂ ವರ್ಷಗಟ್ಟಲೆ ಏನೂ ಆಗದೆ, ನಾವು ಗದ್ದೆ ಉತ್ತೆವು, ಮಾಡು ಇಳಿಸಿ ಕಟ್ಟಿದೆವು, ಮದುವೆ ಮಾಡಿದೆವು. ತೊಂಬತ್ತರ ದಶಕದ ಕೊನೆಗೆ ಒಮ್ಮೆಲೇ ಏಳುವ ಹೊತ್ತು ಬಂತು. 2005ರ ಮೇ 31ರಂದು ಐಎನ್‌ಎಸ್ ಕದಂಬ ಎಂದು ಹೆಸರಿಟ್ಟು ನೆಲೆ ಶುರುವಾದಾಗ ನಾವು ಅವರ್ಸಾದಲ್ಲಿ ಹಳಬರಾಗಿದ್ದೆವು. ಅದರ ನ್ಯಾಯ ಅನ್ಯಾಯದ ಲೆಕ್ಕ ಬರೆಯಲು ನಾನಿಲ್ಲಿ ಕೂತಿಲ್ಲ; ಆ ಲೆಕ್ಕ ನೂರಾರು ಮನೆಗಳದು. ನನಗೆ ನೆನಪಿರುವುದು ಅಪ್ಪ ಮನೆ ಬಿಟ್ಟ ರೀತಿ. ಬೇರೆಯವರು ಮನೆ ಕೆಡವಿದರು, ಅಪ್ಪ ಬಿಚ್ಚಿದ. ಮಾಸ್ತರಿಕೆಯ ಅಕ್ಷರದಲ್ಲಿ ಪ್ರತಿ ತೊಲೆಗೂ ಪಕಾಸಿಗೂ ಸುಣ್ಣದಲ್ಲಿ ನಂಬರು ಹಾಕಿ, ಹಂಚನ್ನು ಒಂದೊಂದಾಗಿ ಕೈಯಿಂದ ಕೈಗೆ ಇಳಿಸಿ, ಮೂರು ಲಾರಿ ಹೇರಿಸಿದ. ಪುನಃ ಅದೇ ನಂಬರಿನ ಪ್ರಕಾರ ಜೋಡಿಸುವ ಅಂದಾಜು ಅವನದಿತ್ತು. ಹೊಸ ಜಾಗದಲ್ಲಿ ಕಟ್ಟಿದ್ದು ತಾರಸಿ ಮನೆ. ನಂಬರುಗಳು ಹಿತ್ತಲಲ್ಲೇ ಉಳಿದವು.

ಹಂಚುಗಳ ಅಡಿಭಾಗದಲ್ಲಿ ಬಾಸೆಲ್ ಮಿಷನ್ನಿನ ಹೆಸರು, 1865 ಎಂಬ ಇಸವಿ ಉಬ್ಬಿಕೊಂಡಿತ್ತು. "ನೂರೈವತ್ತು ವರ್ಷದ ಹಂಚು" ಎಂದು ಬಂದವರಿಗೆಲ್ಲ ತೋರಿಸುವುದು ಅಪ್ಪನ ಖುಷಿ. ಅದು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಶುರುವಾದ ವರ್ಷ, ಹಂಚು ಸುಟ್ಟ ವರ್ಷವಲ್ಲ. ಆ ಕಾರ್ಖಾನೆ ಎಷ್ಟು ವರ್ಷದ ಮೇಲೆ ಸುಟ್ಟ ಹಂಚಿಗೂ ಅದೇ ಇಸವಿ. ನನಗಿದು ಗೊತ್ತಾದ ದಿನ ಹೇಳಲೇಬಾರದಿತ್ತು, ಹೇಳಿದೆ. ಅಪ್ಪ ಒಂದು ಹಂಚನ್ನು ಎತ್ತಿ, ಬೆರಳಿನಿಂದ ಅಂಕಿಗಳನ್ನು ಒರೆಸಿ, "ಅಜ್ಜ ತರುವಾಗ್ಲೇ ಹಳೇದಾಗಿತ್ತು" ಎಂದಷ್ಟೇ ಹೇಳಿ ಇಟ್ಟ. ಆಮೇಲೂ ಬಂದವರಿಗೆ ನೂರೈವತ್ತು ವರ್ಷ ಎಂದೇ ಹೇಳಿದ.

ಹೀಗಾಗಿ ಕೊಟ್ಟಿಗೆಯ ಮಾತು ಬಂದ ದಿನವೇ ಅವನ ಮನಸ್ಸಿನಲ್ಲಿ ಅದಕ್ಕೆ ಮಾಡು ಏರಿಯಾಗಿತ್ತು. ಹನ್ನೆರಡು ಅಡಿ ಅಗಲ, ಇಪ್ಪತ್ತು ಅಡಿ ಉದ್ದ. ಮಳೆ ಗೋಡೆಗೆ ಹೊಡೆಯದಂತೆ ಸುತ್ತ ಮೂರಡಿ ಇಳಿಮಾಡು. ನೂರು ಚದರಡಿಗೆ ನೂರೈವತ್ತರ ಲೆಕ್ಕದಲ್ಲಿ ಎಂಟುನೂರ ಚಿಲ್ಲರೆ ಹಂಚು, ಒಟ್ಟಲಿನಲ್ಲಿ ಸಾವಿರದ ನೂರು ಇವೆ. ಹಾಳೆಯ ಹಿಂಬದಿಯಲ್ಲಿ ಅಪ್ಪ ಇದನ್ನೆಲ್ಲ ಬರೆದು ನನ್ನೆದುರು ಇಟ್ಟ. ನಾನು ಬಣ್ಣದ ಶೀಟು ಹಾಕುವುದೆಂದು ಆಗಲೇ ನಿಶ್ಚಯಿಸಿದ್ದೆ. ಹಂಚೆಂದರೆ ಪಕಾಸು, ರೀಪು, ಆಚಾರಿ, ಪ್ರತಿ ವರ್ಷ ಹತ್ತಿ ಒಡೆದದ್ದನ್ನು ಬದಲಿಸುವುದು. ಶೀಟಾದರೆ ಕಬ್ಬಿಣದ ಪೈಪು, ಎರಡು ದಿನದ ಕೆಲಸ. ನೂರಕ್ಕೆ ಐವತ್ತೈದು ಪಾಲು ಅಲ್ಯೂಮಿನಿಯಂ, ಉಳಿದದ್ದು ಹೆಚ್ಚುಕಡಿಮೆ ಸತುವು ಬೆರೆಸಿ ಲೇಪ ಕೊಟ್ಟ ಶೀಟು ಬಂದಿದೆ, ಬರೀ ಸತುವಿನದಕ್ಕಿಂತ ಉಪ್ಪುಗಾಳಿಗೆ ಹೆಚ್ಚು ತಡೆಯುತ್ತದೆ ಎಂದು ಅಂಗಡಿಯವನಿಂದ ಕೇಳಿಕೊಂಡು ಬಂದದ್ದನ್ನು ಅಪ್ಪನಿಗೆ ಒಪ್ಪಿಸಿದೆ. ಅಪ್ಪ ಕೇಳಿದ. "ನಿನ್ನ ದುಡ್ಡು, ನಿನ್ನ ಮಾಡು" ಅಂದ. ಹಾಳೆಯನ್ನು ಮಡಚಿ ಕಿಸೆಗೆ ಹಾಕಿಕೊಂಡ.

ಜಾಗದ ಪ್ರಶ್ನೆ ಬಂದಾಗ ಮಾತ್ರ ಅವನದೇ ಗೆಲುವು. ಗೇಟಿನಿಂದ ನೇರ ಒಳಗೆ ಹೋದರೆ ಸಿಗುವ ಜಾಗದ ನಟ್ಟನಡುವೆ ಒಂದು ಈಶಾಡು ಮಾವು. ಅಂಕೋಲೆಯವರಿಗೆ ಈಶಾಡಿನ ಬಗ್ಗೆ ಹೇಳಬೇಕಾಗಿಲ್ಲ. ಬೇರೆಯವರಿಗೆ ಹೇಳುವುದಾದರೆ, ತೆಳು ಸಿಪ್ಪೆ, ಗಂಜಿಯಂತೆ ದಪ್ಪ ತಿರುಳು, ಜೇನಿನಂಥ ಸಿಹಿ. ಅದರಲ್ಲೂ ಕರಿ ಈಶಾಡು, ಬಿಳಿ ಈಶಾಡು ಅಂತ ಭೇದ. 2023ರಲ್ಲಿ ಕರಿ ಈಶಾಡಿಗೆ ಭೌಗೋಳಿಕ ಸೂಚ್ಯಂಕದ ಮುದ್ರೆಯೂ ಸಿಕ್ಕಿತು. ನಮ್ಮದು ಕರಿಯದು. ಅದನ್ನು ಕಡಿಯುವ ಮಾತು ನನ್ನ ಬಾಯಿಂದ ಪೂರ್ತಿ ಹೊರಬೀಳುವ ಮೊದಲೇ ಅಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕೊಟ್ಟಿಗೆಯನ್ನು ಬಡಗಣಕ್ಕೆ ಸರಿಸಿ, ಬಾಯಿಯನ್ನು ದಕ್ಷಿಣಕ್ಕೆ ತಿರುಗಿಸಿದೆವು. ಮುಂದೆ ಎಂಟು ವರ್ಷದ ಮೇಲೆ ಆದದ್ದಕ್ಕೆಲ್ಲ ಬೇರು ಈ ಮರದ ಬೇರಿನಲ್ಲೇ ಇತ್ತು ಎಂದು ಆಗ ಯಾರಿಗೆ ಗೊತ್ತು.

ಪಂಚಾಯತಿಯ ಕಾಗದದ ಕೆಲಸವನ್ನು ಇಲ್ಲಿ ಬರೆಯುವುದಿಲ್ಲ. ಬಿನ್‌ಶೇತ್ಕಿ, ಅಂದರೆ ಕೃಷಿಯೇತರ, ಆದ ಜಾಗವಾದ್ದರಿಂದ ನಮ್ಮ ಪುಣ್ಯಕ್ಕೆ ಬೇಗ ಮುಗಿಯಿತು. ಉಬ್ಬರದ ಗೆರೆಯಿಂದ ಐನೂರು ಮೀಟರಿನ ಆಚೆಗಿದ್ದೇವೆ ಎಂಬುದನ್ನು ಮಾತ್ರ ಅಪ್ಪ ತಾನೇ ಹೆಜ್ಜೆ ಎಣಿಸಿ ಖಾತ್ರಿ ಮಾಡಿಕೊಂಡ. ಕರಾವಳಿ ನಿಯಂತ್ರಣ ವಲಯದ ಆ ಅಂಕಿ ನಮ್ಮ ಊರಿನ ಮಕ್ಕಳಿಗೂ ಬಾಯಿಪಾಠ.

ಸುಗ್ಗಿ ಕುಣಿತ, ಹೋಳಿ ಮುಗಿಯುವವರೆಗೆ ಗವಂಡಿ ಕೈಗೆ ಸಿಗಲಿಲ್ಲ. ಏಪ್ರಿಲ್ ಮೊದಲ ವಾರ ಚಿರೆಕಲ್ಲು ಬಂದು ಬಿತ್ತು. ಕಲ್ಲು ಇಳಿಸಿದ ದಿನ ಅಂಗಳವೆಲ್ಲ ಕುಂಕುಮ ಚೆಲ್ಲಿದ ಹಾಗೆ. ಗಣಿಯಲ್ಲಿದ್ದಾಗ ಕೊಡಲಿಗೆ ಬಗ್ಗುವ ಈ ಕಲ್ಲು ಗಾಳಿ ಬಿಸಿಲು ತಾಗುತ್ತ ಹೋದಂತೆ ಬಿಗಿಯಾಗುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರದಲ್ಲಿ ಇದನ್ನು ನೋಡಿ, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಲ್ಯಾಟರೈಟ್ ಎಂದು ಹೆಸರಿಟ್ಟ. ಅದೇ ಪ್ರಯಾಣದಲ್ಲಿ, 1801ರಲ್ಲಿ, ಅಂಕೋಲೆಯನ್ನೂ ಹಾದುಹೋದ. ನಮ್ಮ ಗವಂಡಿಗೆ ಇದನ್ನು ಹೇಳಿದೆ. "ಅವ ಕಲ್ಲು ಕಟ್ಟಿದ್ನಾ, ನೋಡಿದ್ದಷ್ಟೇಯಾ?" ಎಂದು ಕೇಳಿದ. ನೋಡಿದ್ದಷ್ಟೇ ಅಂದೆ. ಗವಂಡಿಗೆ ಬುಕಾನನ್ನನ ಮೇಲಿನ ಆಸಕ್ತಿ ಅಲ್ಲಿಗೆ ತೀರಿತು.

ಅವನು ಕಲ್ಲು ಆರಿಸುವುದು ನೋಡುವ ಹಾಗಿತ್ತು. ಒಂದೊಂದನ್ನೂ ಕರಣೆಯ ಹಿಡಿಯಿಂದ ಟಕ್ಕೆಂದು ಬಡಿದು ಕಿವಿಗೊಡುತ್ತಿದ್ದ. ಗಟ್ಟಿ ಕಲ್ಲು ಗಂಟೆಯ ಹಾಗೆ ಸಣ್ಣಗೆ ಅನ್ನುತ್ತದೆ, ಒಳಗೆ ಬಿಳಿ ಜೇಡಿ ತುಂಬಿದ್ದು ಗುದ್ದಿದ ದಿಂಬಿನ ಹಾಗೆ. ಅಂಥದ್ದನ್ನು ಬದಿಗೆ ತಳ್ಳಿ "ಇದು ಕೆಪ್ಪು" ಅನ್ನುತ್ತಿದ್ದ. ಅಪ್ಪನೂ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಬಡಿದು ನೋಡುತ್ತಿದ್ದ. ಅವನು ಒಳ್ಳೆಯದೆಂದು ಇಟ್ಟ ಕಲ್ಲುಗಳಲ್ಲಿ ಕೆಲವನ್ನು ಗವಂಡಿ ಏನೂ ಹೇಳದೆ ಮತ್ತೆ ಬದಿಗೆ ಇಡುತ್ತಿದ್ದ. ವಯಸ್ಸಾದವರಿಗೆ ಎದುರಾಡಬಾರದೆಂಬ ಮರ್ಯಾದೆ ಎಂದುಕೊಂಡೆ. ಅದಕ್ಕಿಂತ ಹೆಚ್ಚಿನದನ್ನು ಆಗ ನಾನು ಯೋಚಿಸಲಿಲ್ಲ.

ಬಂಡಿಹಬ್ಬದ ಹಿಂದಿನ ವಾರ ಶೀಟು ಏರಿತು. ಎಪ್ಪತ್ತು ಸಾವಿರ ಎಂದುಕೊಂಡದ್ದು ಒಂದು ಲಕ್ಷ ಹತ್ತು ಸಾವಿರಕ್ಕೆ ಬಂದು ನಿಂತಿತ್ತು. ಆ ಸಿಟ್ಟಿಗೆ ನಾನು ಎರಡು ಕಡೆ ಉಳಿತಾಯ ಮಾಡಿದೆ. ರೋಲಿಂಗ್ ಶಟರು ಮುಂದಿನ ವರ್ಷ ನೋಡೋಣ ಅಂದೆ. ಶೀಟು ಕೂರಿಸಿದವ ಇಳಿಮಾಡಿನ ಅಂಚಿನಲ್ಲಿ ಪ್ರತಿ ಉಬ್ಬಿಗೂ ಒಂದು ಸ್ಕ್ರೂ ಅಂದಾಗ, ಮೂರು ಉಬ್ಬಿಗೆ ಒಂದು ಸಾಕು ಅಂದೆ. ನಾಲ್ಕು ನೂರು ರೂಪಾಯಿ ಉಳಿದಿರಬೇಕು.

ಗೃಹಪ್ರವೇಶಕ್ಕೆ ಸಮನಾಗಿ ಅಮ್ಮ ಪಾಯಸ ಮಾಡಿದ್ದಳು. ಕೇರಿಯವರು ಏಳೆಂಟು ಜನ ನೋಡಲು ನಿಂತಿದ್ದರು. ನಾನು ಕಾರು ಹತ್ತಿ ಗೇಟಿನಿಂದ ಒಳಗೆ ಬಂದು ಬಲಕ್ಕೆ ತಿರುಗಿಸಿದೆ. ಎಡಕ್ಕೆ ಬಾವಿಕಟ್ಟೆ, ಬಲಕ್ಕೆ ಈಶಾಡು. ಮೂತಿ ಕಟ್ಟೆಗೆ ತಾಗುವಂತಾಯಿತು. ಹಿಂದೆ ಬಂದೆ, ಬಾಲ ಮರಕ್ಕೆ. ಮುಂದೆ, ಹಿಂದೆ, ಮುಂದೆ, ಹಿಂದೆ. "ಸ್ವಲ್ಪ ಎಡಕ್ಕೆ", "ಬಲಕ್ಕೆ ಮುರಿ", "ಬರ್ಲಿ ಬರ್ಲಿ", "ಅಯ್ಯಯ್ಯೋ ನಿಲ್ಸು" ಎಂದು ಎಲ್ಲರೂ ಒಟ್ಟಿಗೆ ಹೇಳುತ್ತಿದ್ದರು. ಕೊಟ್ಟಿಗೆಯ ಉದ್ದಗಲವನ್ನು ಮೂರು ಸಲ ಅಳೆದ ನಾನು ತಿರುವನ್ನು ಒಮ್ಮೆಯೂ ಅಳೆದಿರಲಿಲ್ಲ. ಹನ್ನೊಂದು ಅಡಿಯ ಕಾರು, ಅದಕ್ಕಿಂತ ಸಣ್ಣದು ಕೊಳ್ಳಬೇಕೆಂದರೆ ಆಟೋರಿಕ್ಷಾವೇ. ಹನ್ನೊಂದನೇ ಸಲ ಹಿಂದೆ ಬಂದಾಗ ಇಂಜಿನ್ ನಿಂತಿತು, ನಾನು ಇಳಿದೆ. ಅಪ್ಪ ಬಾಗಿಲಿಲ್ಲದ ಆ ಒಂಬತ್ತು ಅಡಿಯ ಬಾಯಿಯಲ್ಲಿ ಕೈ ಹಿಂದೆ ಕಟ್ಟಿ ನಿಂತಿದ್ದವ, ಒಮ್ಮೆ ಒಳಗೆ ತಿರುಗಿ ನೋಡಿದ. ಅವನ ಮುಖದಲ್ಲಿ ಮಗನ ಪೇಚಿಗೆ ಮರುಕವೇನೂ ಇರಲಿಲ್ಲ. "ಅಡ್ಡಿಲ್ಲ ಬಿಡು. ಜಾಗ ಹಾಳಾಗೂದಿಲ್ಲ" ಅಂದ.

ಮರುದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವನ ಹತ್ಯಾರಗಳ ಪೆಟ್ಟಿಗೆ ಅಲ್ಲಿಗೆ ಹೋಗಿತ್ತು.

ಕಾರು ಈಶಾಡಿನ ಅಡಿಯಲ್ಲೇ ನಿಂತಿತು. ಮೇ ತಿಂಗಳಲ್ಲಿ ಹಣ್ಣು ಬಿದ್ದು ಬಾನೆಟ್ಟಿನ ಮೇಲೆ ಬೆರಳು ಒತ್ತಿದ ಹಾಗೆ ಗುಳಿಗಳಾದವು. ಇತ್ತ ಕೊಟ್ಟಿಗೆಯಲ್ಲಿ ಅಪ್ಪ ಹಳೇ ಮನೆಯ ಒಂದು ಹಲಸಿನ ತೊಲೆಯನ್ನು ಸೀಳಿಸಿ ಬೆಂಚು ಮಾಡಿಕೊಂಡ. ಅದರ ಒಂದು ತುದಿಯಲ್ಲಿ ಸುಣ್ಣದ 14 ಎಂಬ ನಂಬರು ಬಹಳ ದಿನ ಕಾಣುತ್ತಿತ್ತು. ಅವನೇನು ಆಚಾರಿಯಲ್ಲ, ಪ್ರಾಥಮಿಕ ಶಾಲೆಯ ಮಾಸ್ತರನಾಗಿದ್ದವ. ಮಕ್ಕಳ ಕೈಗೆಲಸದ ಪೀರಿಯಡ್ಡಿಗೆಂದು ಕಲಿತದ್ದು ಕೈಗೆ ಹತ್ತಿತ್ತು. ಈಳಿಗೆಮಣೆ, ಊಟದ ಮಣೆ, ಮೊಮ್ಮಗಳಿಗೆ ಕಾಲು ಕುಂಟುವ ಒಂದು ಕುದುರೆ. ಮಾಡಿದ್ದಕ್ಕಿಂತ ಹತ್ಯಾರ ಮಸೆದದ್ದೇ ಹೆಚ್ಚು. ಮಸೆಯದಿದ್ದರೆ ಉಳಿಗಾಲವಿಲ್ಲ. ಒಂದು ರಾತ್ರಿ ಬೆಂಚಿನ ಮೇಲೆ ಬಿಟ್ಟ ಉಳಿಯ ಮೇಲೆ ಬೆಳಿಗ್ಗೆ ಅರಿಶಿನ ಹಚ್ಚಿದ ಹಾಗೆ ತುಕ್ಕು ಕೂತಿರುತ್ತಿತ್ತು. ಕೊಬ್ಬರಿ ಎಣ್ಣೆ ಒರೆಸಿದ, ಇದ್ದಿಲಿನ ಗಂಟು ಇಟ್ಟ, ಕೊನೆಗೆ ಯಾರೋ ಹೇಳಿದರೆಂದು ಮರದ ಕಪಾಟಿನೊಳಗೆ ನಲವತ್ತು ಕ್ಯಾಂಡಲಿನ ಬಲ್ಬು ಹಾಕಿಸಿದ. ಮಳೆಗಾಲ ನಾಲ್ಕು ತಿಂಗಳು ಅದು ಹಗಲೂ ರಾತ್ರಿ ಉರಿಯಬೇಕು. ಆ ಸಣ್ಣ ಶಾಖಕ್ಕೆ ತೇವ ನಿಲ್ಲುತ್ತಿರಲಿಲ್ಲ. ಕಪಾಟಿನ ಸಂದಿಯಿಂದ ಕತ್ತಲಲ್ಲಿ ಹಳದಿ ಗೆರೆ ಕಂಡರೆ ದೇವರ ಗೂಡಿನ ಹಾಗೆ ಕಾಣುತ್ತಿತ್ತು. ಊರಿಗೆಲ್ಲ ಎಲ್‌ಇಡಿ ಬಂದ ವರ್ಷ ನಾನು ಕರೆಂಟು ಉಳಿಯಲೆಂದು ಆ ಬಲ್ಬನ್ನೂ ಬದಲಿಸಿದೆ. ಬೆಳಕೇನೋ ಎರಡರಷ್ಟಾಯಿತು. ಹದಿನೈದು ದಿನದಲ್ಲಿ ಕೀಸುಳಿಯ ಅಲಗು ತುಕ್ಕು ಹಿಡಿಯಿತು. ಹಳೇ ಬಲ್ಬು ಬೆಳಕಿಗಲ್ಲ, ಬಿಸಿಗೆ ಇದ್ದದ್ದು. ಹಳೇ ನಮೂನೆಯ ಬಲ್ಬು ಹುಡುಕಿಕೊಂಡು ಅಂಕೋಲೆಯ ಪೇಟೆಯಲ್ಲಿ ಮೂರು ಅಂಗಡಿ ತಿರುಗಿದೆ.

ಮಿಕ್ಕ ಜಾಗವನ್ನು ಮನೆ ಮೆಲ್ಲನೆ ನುಂಗಿತು. ಸುಲಿದ ಕಾಯಿ, ಸುಲಿಯದ ಕಾಯಿ, ಮಳೆಗಾಲದ ಕಟ್ಟಿಗೆ, ಹುಣಸೆಯ ಡಬ್ಬಿ, ಒಡೆದ ಕುಕ್ಕರು, ತಂಗಿಯ ಪಿಯುಸಿ ಪುಸ್ತಕ, ಹಳೇ ಟಿವಿಯ ಖಾಲಿ ಪೆಟ್ಟಿಗೆ. ಆ ಪೆಟ್ಟಿಗೆ ಯಾಕೆ ಬೇಕೆಂದು ನಾನು ಕೇಳಿದರೆ ಟಿವಿ ಮಾರುವಾಗ ಬೇಕಾಗುತ್ತದೆ ಎಂದು ಅಮ್ಮ. ಟಿವಿ ಮಾರಿಯಾಗಿತ್ತು. ಮನೆಗೆ ಬಂದ ನೆಂಟರಿಗೆ ತೋರಿಸುವುದನ್ನು ಮನೆಯಲ್ಲಿ ಇಡುತ್ತೇವೆ, ಬಿಡಲಾಗದ್ದನ್ನು ಕೊಟ್ಟಿಗೆಯಲ್ಲಿ.

ಮಳೆ ಶುರುವಾದ ಮೇಲೆ ಶೀಟಿನ ಸದ್ದು ಗೊತ್ತಾಯಿತು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು. ಅಷ್ಟೂ ಒಂದು ತಗಡಿನ ಮೇಲೆ ಬಿದ್ದರೆ ಹೇಗೆ? ಐವತ್ತು ಅಡಿ ದೂರದ ಮನೆಯಲ್ಲಿ ಅಮ್ಮನಿಗೆ ಧಾರಾವಾಹಿಯ ಮಾತು ಕೇಳುತ್ತಿರಲಿಲ್ಲ. ಒಳಗೆ ನಿಂತರೆ ತಲೆಯ ಮೇಲೆ ಯಾರೋ ಶೇಂಗಾ ಸುರಿಯುತ್ತಲೇ ಇರುವ ಹಾಗೆ. ನಾನು ಎರಡು ನಿಮಿಷ ನಿಲ್ಲಲಾರೆ. ಅಪ್ಪ ಮಳೆ ಜೋರಾದಾಗಲೇ ಕೊಡೆ ಹಿಡಿದು ಹೋಗಿ ಕೂರುತ್ತಿದ್ದ. ಕೆಲಸವಿಲ್ಲದಿದ್ದರೂ. "ಆ ಗಲಾಟೆಯಲ್ಲಿ ಎಂತಾ ಮಾಡ್ತೆ ಅಲ್ಲಿ?" ಎಂದು ಅಮ್ಮ ಕೇಳಿದರೆ ಅವಳ ಮಾತು ಕೇಳಿಸದವನಂತೆ ನಡೆದುಬಿಡುತ್ತಿದ್ದ. ಅವಳ ಮಾತು ಕೇಳಿಸದವನಂತೆ ಅವನು ಮನೆಯೊಳಗೂ ಇರುತ್ತಿದ್ದುದರಿಂದ ಅದನ್ನು ಯಾರೂ ವಿಶೇಷವೆಂದು ಎಣಿಸಲಿಲ್ಲ. ಟಿವಿಯ ದನಿ ದೊಡ್ಡದು ಮಾಡುತ್ತಾನೆಂಬ ಜಗಳ ಎಲ್ಲರ ಮನೆಯಲ್ಲೂ ಇರುವಂಥದ್ದು.

2021ರ ಮೇ 15, ಶನಿವಾರ. ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಆಚೆ ಸಮುದ್ರದಲ್ಲಿ ಬಡಗಣಕ್ಕೆ ಹೊರಟಿತ್ತು. ಕೊರೊನಾದ ಎರಡನೇ ಅಲೆ. 10ನೇ ತಾರೀಕಿನಿಂದ ಲಾಕ್‌ಡೌನ್. ನಾವೆಲ್ಲ ಮನೆಯೊಳಗೇ. ಗಾಳಿ ದಕ್ಷಿಣದಿಂದ ಎದ್ದಿತು. ಮೊದಲು ತೆಂಗಿನ ಮಡಲು, ಆಮೇಲೆ ಈಶಾಡಿನ ಕಾಯಿ ದಬದಬ. ಕಿಟಕಿಯಿಂದ ನೋಡುತ್ತಿದ್ದಂತೆ ಕೊಟ್ಟಿಗೆಯ ಮಾಡು ಒಮ್ಮೆ ಉಸಿರೆಳೆದುಕೊಂಡಂತೆ ಉಬ್ಬಿತು. ಇಳಿಮಾಡಿನ ಅಂಚು ಬಾಗಿಲಿನ ಮೇಲೆ ತುಟಿಯ ಹಾಗೆ ಮೇಲೆದ್ದಿತು. ಮತ್ತೊಂದು ಗಾಳಿಗೆ ಮೂರು ಶೀಟು ಒಟ್ಟಿಗೆ ಕಿತ್ತು, ಬಾವಿಯ ಮೇಲೆ ಹಾರಿ, ಪಕ್ಕದವರ ಬಾಳೆಯನ್ನು ಕತ್ತರಿಸಿಕೊಂಡು ಹೋಗಿ ಗದ್ದೆಯಲ್ಲಿ ಬಿತ್ತು. ಆಮೇಲೆ ಉಳಿದವು.

ಮಾಡು ಹಾರುವುದು ಗಾಳಿ ಮೇಲಿಂದ ಹೊಡೆದದ್ದಕ್ಕಲ್ಲ ಎಂಬುದನ್ನು ನಾನು ಆಮೇಲೆ ಓದಿ ತಿಳಿದೆ. ಮಾಡಿನ ಮೇಲೆ ಓಡುವ ಗಾಳಿ ಶೀಟನ್ನು ಮೇಲಕ್ಕೆ ಹೀರುತ್ತದೆ. ಆ ಸೆಳೆತ ಎಲ್ಲಕ್ಕಿಂತ ಜೋರಿರುವುದು ಅಂಚಿನಲ್ಲಿ, ಮೂಲೆಯಲ್ಲಿ. ಅಂದರೆ ನಾನು ಸ್ಕ್ರೂ ಉಳಿಸಿದ ಜಾಗದಲ್ಲೇ. ಅದರ ಜೊತೆಗೆ ಗಾಳಿಯ ದಿಕ್ಕಿಗೆ ಒಂದೇ ದೊಡ್ಡ ಬಾಯಿ ತೆರೆದಿದ್ದರೆ ಒಳನುಗ್ಗಿದ ಗಾಳಿ ಕೆಳಗಿನಿಂದಲೂ ಎತ್ತುತ್ತದೆ. ನಮ್ಮ ಬಾಯಿ ದಕ್ಷಿಣಕ್ಕಿತ್ತು. ಶಟರು ಇರಲಿಲ್ಲ. ಕಾರೇ ಒಳಗೆ ಹೋಗದ ಮೇಲೆ ಶಟರು ಯಾಕೆಂದು ಎಂಟು ವರ್ಷವೂ ಮುಂದಿನ ವರ್ಷ ಎಂದಿದ್ದೆ. ಕಾರು ಹೋಗದ್ದು ಮರ ಇದ್ದದ್ದಕ್ಕೆ. ಮರವನ್ನು ದೂರುವಂತಿಲ್ಲ; ಆ ರಾತ್ರಿ ಅದರ ಒಂದು ಕೊಂಬೆಯೂ ಮುರಿಯಲಿಲ್ಲ.

ಹಾರ್ಡ್‌ವೇರ್ ಅಂಗಡಿಗಳ ಶಟರು ಇಳಿದಿತ್ತು. ಮಳೆಗೆ ಮೂರು ವಾರ. ಗಾಳಿಗೆ ಬಿದ್ದ ಮಡಲುಗಳೇ ಹಿತ್ತಲ ತುಂಬ ಇದ್ದವು. ಅಮ್ಮ, ನನ್ನ ಹೆಂಡತಿ, ಪಕ್ಕದ ಮನೆಯ ಹಾಲಕ್ಕಿ ಅಜ್ಜಿ ಕೂತು ಅವನ್ನು ನೀರಲ್ಲಿ ನೆನೆಸಿ ತಟ್ಟಿ ಹೆಣೆದರು. ಅಮ್ಮನ ಕೈಗೆ ನೆನಪಿತ್ತು. ಹೆಂಡತಿಗೆ ಅಜ್ಜಿ ಕಲಿಸಿದಳು, ಎಡ ಗರಿ ಮೇಲೆ, ಬಲ ಗರಿ ಕೆಳಗೆ. ಮೇಲೆ ತಾಡಪತ್ರಿ ಬಿಗಿದೆವು. ಆ ಮಳೆಗಾಲ ಹಾಗೇ ಕಳೆಯಿತು. ತಾಡಪತ್ರಿಯೂ ಸದ್ದು ಮಾಡುತ್ತಿತ್ತು. ಅಪ್ಪ ಎಂದಿನಂತೆ ಹೋಗಿ ಕೂರುತ್ತಿದ್ದ.

ನನಗೆ ಮಾತ್ರ ಒಳಗೊಳಗೆ ಕೊರೆಯುತ್ತಿತ್ತು. 2013ರಲ್ಲಿ ಮಡಚಿ ಕಿಸೆಗೆ ಹಾಕಿಕೊಂಡ ಆ ಹಾಳೆ. ದೀಪಾವಳಿ ಮುಗಿಯುತ್ತಲೇ ಹೇಳಿದೆ, ಈ ಸಲ ಹಂಚೇ ಹಾಕುವುದು, ಹಳೇ ಮನೆಯ ಹಂಚು, ಹಳೇ ಮನೆಯ ಮರ. ಅಪ್ಪ ಕುಣಿದಾನು ಎಂದುಕೊಂಡಿದ್ದೆ. ಅವನು ಮಸೆಯುವ ಕಲ್ಲಿನಿಂದ ತಲೆ ಎತ್ತದೆ, "ಶೀಟೇ ಹಾಕು. ಸ್ಕ್ರೂ ಸರಿಯಾಗಿ ಹಾಕು" ಅಂದ. ದುಡ್ಡಿನ ಚಿಂತೆ ಎಂದುಕೊಂಡು ಸಮಾಧಾನ ಹೇಳಿದೆ. "ಶೀಟಾದ್ರೆ ಅಡ್ಡಿಲ್ಲ" ಎಂದು ಮತ್ತೆ ಹೇಳಿದ. ನಾನು ಒಪ್ಪಲಿಲ್ಲ. ಅಪ್ಪನ ಸಂತೋಷಕ್ಕೆ ಅಪ್ಪನ ಮಾತನ್ನೇ ಮೀರುತ್ತಿದ್ದೇನೆ ಎಂಬ ಹೆಮ್ಮೆಯಲ್ಲಿದ್ದೆ.

ಮರದ ಒಟ್ಟಲು ತೆಗೆದರೆ ಅರ್ಧ ಒರಲೆಯ ಪಾಲು. ಮೇಲಿನಿಂದ ಅಖಂಡವಾಗಿ ಕಾಣುವ ಪಕಾಸು ಎತ್ತಿದರೆ ಕೈಯಲ್ಲಿ ಹಗುರ, ಒತ್ತಿದರೆ ಬೆರಳು ಒಳಗೆ ಹೋಗುತ್ತಿತ್ತು. ನಲವತ್ತರಲ್ಲಿ ಹದಿನೇಳು ಉಳಿದವು, ಅವೆಲ್ಲ ಮತ್ತಿ ಮತ್ತು ಹೊನ್ನೆ. ಎರಡು ಟನ್ನಿನಷ್ಟು ಹಂಚಿನ ಭಾರ ಹೊರಲು ಹಳೇ ಕಬ್ಬಿಣದ ಪೈಪುಗಳ ನಡುವೆ ಇನ್ನೂ ನಾಲ್ಕು ಪೈಪು ಸೇರಿಸಿ, ಅದರ ಮೇಲೆ ಹಳೇ ಪಕಾಸು, ಸಾಲದ್ದಕ್ಕೆ ಹೊಸದು, ಹೊಸ ರೀಪು. ಹಂಚುಗಳನ್ನು ಹೆಂಡತಿ ಮಕ್ಕಳು ಕೂತು ಪಾಚಿ ತಿಕ್ಕಿ ತೊಳೆದರು. ಆಚಾರಿ ಎರಡು ವಾರ ಕೆಲಸ ಮಾಡಿದ. ಅಪ್ಪ ನಂಬರು ನೋಡಿ ಹೇಳಲಿ ಎಂದು ಕರೆದರೆ, ಬಂದು ನೋಡಿ, "ಇವು ಆ ಕೋಣೆಯವಲ್ಲ, ಎಲ್ಲ ಕಲಸಿ ಹೋಗಿದೆ. ಹಾಕಿ ಬಿಡು" ಎಂದು ಹೋದ. ಶಟರೂ ಬಂತು.

2022ರ ಜುಲೈ ತಿಂಗಳ ಒಂದು ಭಾನುವಾರ. ಬೆಳಗಿನಿಂದ ಹಿಡಿದ ಮಳೆ, ಎದುರಿನ ಗುಡ್ಡ ಕಾಣುತ್ತಿರಲಿಲ್ಲ. ಕೊಡೆ ಹಿಡಿದು ಅಪ್ಪನಿಗೆ ಚಾ ಕೊಡಲು ಹೋದೆ. ಒಳಗೆ ಎಷ್ಟು ತಂಪು, ಎಷ್ಟು ನಿಶ್ಶಬ್ದ. ಹಂಚಿನ ಮೇಲೆ ಮಳೆ ಬೀಳುವುದು ದೂರದ ಗದ್ದೆಯಲ್ಲಿ ಬಿದ್ದ ಹಾಗೆ. ನನಗೇ ಹಳೇ ಮನೆಯ ಮೆತ್ತಿನಲ್ಲಿ ಮಲಗಿದ ಹಾಗಾಯಿತು. ಅಪ್ಪ ಬೆಂಚಿನ ಮುಂದೆ ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದ. ಕೈಯಲ್ಲಿ ಕೀಸುಳಿ. ನಾನು ಕರೆದೆ, ತಿರುಗಲಿಲ್ಲ. ಹತ್ತಿರ ಹೋಗಿ ಹೆಗಲು ಮುಟ್ಟಿದೆ. ಚಾ ತೆಗೆದುಕೊಂಡು, ಮಾಡಿನ ಕಡೆ ಒಮ್ಮೆ ನೋಡಿ ಕೇಳಿದ: "ಮಳೆ ನಿಂತ್ತೇನೋ?"

ನನ್ನ ಕೊಡೆಯಿಂದ ನೀರು ಅವನ ಕಾಲ ಬುಡದಲ್ಲೇ ಹರಿಯುತ್ತಿತ್ತು. ಅದನ್ನು ನೋಡಿ, "ಓ" ಎಂದು ಚಾ ಕುಡಿದ.

ಮಾಡಿನ ಬಗ್ಗೆ ಅವನೂ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕಿವಿಯ ಡಾಕ್ಟರ ಹತ್ತಿರ ಕಾರವಾರಕ್ಕೆ ಕರೆದುಕೊಂಡು ಹೋದೆ. ಯಂತ್ರ ಕೊಟ್ಟರು, ಅದು ತಲೆಯೊಳಗೆ ಜೀರುಂಡೆ ಬಿಟ್ಟ ಹಾಗೆ ಆಗುತ್ತದೆಂದು ಕಪಾಟಿನಲ್ಲಿ ಬಲ್ಬಿನ ಬುಡದಲ್ಲಿ ಇಟ್ಟ. ಅಲ್ಲಿ ತೇವ ತಾಗುವುದಿಲ್ಲವಂತೆ.

ಎರಡು ವಾರ ಬಿಟ್ಟು ಹೋದಾಗ ಕೊಟ್ಟಿಗೆಯಿಂದ ತಟತಟ ಸದ್ದು ಬರುತ್ತಿತ್ತು. ಗದ್ದೆಯಿಂದ ಹೆಕ್ಕಿ ತಂದಿಟ್ಟ ಶೀಟುಗಳಲ್ಲಿ ಒಂದನ್ನು ಅಪ್ಪ ಎರಡಡಿ ಅಗಲಕ್ಕೆ ಕತ್ತರಿಸಿ, ಬೆಂಚಿನ ಪಕ್ಕದ ಕಿಟಕಿಯ ಹೊರಗೆ, ಇಳಿಮಾಡಿನ ಕೆಳಗೆ ಓರೆಯಾಗಿ ನಾಲ್ಕು ಮೊಳೆ ಹೊಡೆದು ಕೂರಿಸಿದ್ದ. ಹಂಚಿನ ನಾಲ್ಕು ಸಾಲಿನ ನೀರು ನೇರ ಅದರ ಮೇಲೆ ಬೀಳುತ್ತಿತ್ತು. ಪಿರಿಪಿರಿ ಮಳೆಗೆ ಒಂದೊಂದೇ ಹನಿ, ಜೋರು ಮಳೆಗೆ ಚಂಡೆ. ಅವನು ಕಿಟಕಿಯ ಕಡೆಗೆ ಬಲಗಿವಿ ಮಾಡಿ ಉಳಿ ಮಸೆಯುತ್ತಿದ್ದ.

ಕತ್ತರಿಸಿದ ಅಂಚಿಗೆ ಲೇಪ ಇರುವುದಿಲ್ಲವಾದ್ದರಿಂದ ಉಪ್ಪುಗಾಳಿಗೆ ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ. ಈಗ ಅಲ್ಲಿರುವುದು ಎರಡನೇ ತುಂಡು.